ಕಮಾಂಡೊ ದಾಳಿಗಳ ಇತಿಹಾಸ: ನಂಬಬಹುದಾದ ಮೂಲಗಳನ್ನು ಹುಡುಕೋದು ಹೇಗೆ?

ಓದುಗ_1942:
ಎರಡನೇ ಮಹಾಯುದ್ಧದ ಕಮಾಂಡೊ ದಾಳಿಗಳ ಬಗ್ಗೆ ಕನ್ನಡದಲ್ಲಿ ಲೇಖನಮಾಲೆ ಬರೆಯುತ್ತಿದ್ದೇನೆ. ಮೊದಲನೆಯದು 1942ರ ಮಾರ್ಚ್ 28ರಂದು ಫ್ರಾನ್ಸ್‌ನ ಸೇಂಟ್ ನಜೇರ್ ಬಂದರಿನ ಮೇಲೆ ಬ್ರಿಟಿಷರು ಮಾಡಿದ ದಾಳಿ. ಹೋದವರು 611 ಅಂತ ಒಂದು ಪುಸ್ತಕ, 612 ಅಂತ ಇನ್ನೊಂದು. ಸ್ಫೋಟಕ ತುಂಬಿ ಅಲ್ಲಿನ ಡಾಕ್ ಬಾಗಿಲಿಗೆ ಗುದ್ದಿಸಿದ ಕ್ಯಾಂಪ್‌ಬೆಲ್‌ಟೌನ್ ಹಡಗು ಸಿಡಿದದ್ದು ಬೆಳಗ್ಗೆ 10:35ಕ್ಕೆ ಅಂತಲೂ ಇದೆ, ಮಧ್ಯಾಹ್ನ 12ಕ್ಕೆ ಅಂತಲೂ ಇದೆ. ಮೂಲ ದಾಖಲೆ ಎಲ್ಲಿಂದ ಶುರು ಮಾಡಲಿ?

ಕಡತಪ್ರಿಯ:
ಮೊದಲು 1947ರ ಲಂಡನ್ ಗೆಜೆಟ್ (ಬ್ರಿಟಿಷ್ ಸರ್ಕಾರದ ರಾಜಪತ್ರ) ಪುರವಣಿ ತೆಗೆಯಿರಿ. ಈ ದಾಳಿಯ ಅಧಿಕೃತ ವರದಿ ಅಲ್ಲಿ ಅಚ್ಚಾಗಿದೆ, ಅಂತರ್ಜಾಲದಲ್ಲಿ ಉಚಿತ. ಆಮೇಲೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್. ಅಲ್ಲಿ ಡಿಇಎಫ್‌ಇ 2 ಸರಣಿ ಕಂಬೈನ್ಡ್ ಆಪರೇಷನ್ಸ್ (ಮೂರೂ ಪಡೆಗಳ ಜಂಟಿ ದಾಳಿ ನೋಡಿಕೊಳ್ಳುತ್ತಿದ್ದ ಕಚೇರಿ) ಕಡತಗಳದು, ಡಬ್ಲ್ಯುಒ 218 ವಿಶೇಷ ಪಡೆಗಳ ಯುದ್ಧ ದಿನಚರಿ, ಡಬ್ಲ್ಯುಒ 373 ಪದಕಗಳ ಶಿಫಾರಸು. ಶಿಫಾರಸಿನಲ್ಲಿ ಗೆಜೆಟ್‌ನಲ್ಲಿ ಇಲ್ಲದ ವಿವರ ಸಿಗುತ್ತೆ. ಆದರೆ ಅದನ್ನು ಬರೆದದ್ದೇ ಪದಕ ಕೊಡಿಸೋಕೆ ಅನ್ನೋದು ನೆನಪಿರಲಿ.

ಕಾರ್ಯಾಚರಣೆಯ ಗುಪ್ತನಾಮ (ಇಲ್ಲಿ 'ಚಾರಿಯಟ್') ಒಂದನ್ನೇ ಹಾಕಿ ಹುಡುಕಿದರೆ ಅರ್ಧ ಕಡತ ತಪ್ಪಿಹೋಗುತ್ತೆ. ತುಕಡಿ, ಹಡಗು, ಊರು, ತಿಂಗಳು ಒಂದೊಂದನ್ನೂ ಬೇರೆಬೇರೆಯಾಗಿ ಹಾಕಿ. ಕ್ಯಾಂಪ್‌ಬೆಲ್‌ಟೌನ್‌ನ ಹಿಂದಿನ ಕಥೆ ಬೇಕಿದ್ದರೆ ಅಮೆರಿಕದ ದಾಖಲೆಗಳಲ್ಲಿ 'ಬ್ಯುಕ್ಯಾನನ್' ಅಂತ ನೋಡಬೇಕು, ಮೊದಲು ಅದು ಅವರ ಹಡಗು.

ಇನ್ನು ಸಮಯ. ಆ ದಿನ ಬ್ರಿಟಿಷ್ ಗಡಿಯಾರ ಗ್ರೀನಿಚ್‌ಗಿಂತ 1 ಗಂಟೆ ಮುಂದಿತ್ತು, ಜರ್ಮನ್ ಗಡಿಯಾರ 2 ಗಂಟೆ. ಹಾಗಾಗಿ 10:35 ಬ್ರಿಟಿಷ್ ಸಮಯವಾದರೆ ಜರ್ಮನ್ನರ ಲೆಕ್ಕದಲ್ಲಿ 11:35. ಅಂತರ ಕಮ್ಮಿಯಾಯ್ತು, ಪೂರ್ತಿ ಹೋಗಲಿಲ್ಲ. ಪ್ರತಿ ಸಮಯದ ಪಕ್ಕದಲ್ಲೂ ಅದು ಯಾರ ಗಡಿಯಾರ ಅಂತ ಬರೆದುಕೊಂಡೇ ಮುಂದಕ್ಕೆ ಹೋಗಿ.

ಸಂಖ್ಯೆಗಳನ್ನು ಕೂಡಿ ನೋಡೋದು ತಪ್ಪಿಸಬೇಡಿ. ಸತ್ತವರು 169 (ನೌಕಾಪಡೆ 105, ಕಮಾಂಡೊ 64), ಸೆರೆಯಾದವರು 215, ವಾಪಸಾದವರು 228, ಒಟ್ಟು 612. ಭೂಮಾರ್ಗವಾಗಿ ಸ್ಪೇನ್ ದಾಟಿ ಪಾರಾದ 5 ಜನರನ್ನು ಯಾವ ಲೆಕ್ಕಕ್ಕೆ ಸೇರಿಸಿದ್ದಾರೆ ಅಂತ ಪ್ರತಿ ಪುಸ್ತಕದಲ್ಲೂ ನೋಡಿ.

ಉತ್ತರಧ್ರುವ:
ಮೇಲಿನದೆಲ್ಲ ಒಪ್ಪಿದೆ. ಆತ್ಮಕಥೆಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಮುಸೊಲಿನಿಯನ್ನು ಬಿಡಿಸಿದ 1943ರ ಸೆಪ್ಟೆಂಬರ್ 12ರ ಗ್ರಾನ್ ಸಾಸೊ (ಇಟಲಿಯ ಬೆಟ್ಟ) ದಾಳಿಯ ಕೀರ್ತಿ ನಾಜಿ ಪಕ್ಷದ ಸಶಸ್ತ್ರ ಸಂಘಟನೆ ಎಸ್‌ಎಸ್‌ನ ಅಧಿಕಾರಿ ಸ್ಕೊರ್ಜೆನಿಗೆ ಹೋಯ್ತು. ಆದರೆ ಅದು ಜರ್ಮನ್ ವಾಯುಪಡೆಯ ಜನರಲ್ ಸ್ಟೂಡೆಂಟ್‌ರ ಪ್ಯಾರಾಟ್ರೂಪರ್‌ಗಳ ಕಾರ್ಯಾಚರಣೆ, ಮುನ್ನಡೆಸಿದ್ದು ಮೇಜರ್ ಹಾರಲ್ಡ್ ಮೋರ್ಸ್. ನಾಜಿ ಪ್ರಚಾರ ಕಟ್ಟಿದ ಕಥೆಯನ್ನೇ ಸ್ಕೊರ್ಜೆನಿ ಯುದ್ಧದ ನಂತರವೂ ಹೇಳಿದರು, ಎಷ್ಟೋ ಪುಸ್ತಕಗಳು ಹಾಗೇ ಎತ್ತಿಕೊಂಡವು. ಜರ್ಮನ್ ದಾಖಲೆಗಳಿರೋದು ಫ್ರೈಬರ್ಗ್‌ನ ಮಿಲಿಟರಿ ಆರ್ಕೈವ್‌ನಲ್ಲಿ. ವಾಯುಪಡೆಯ ಕಡತಗಳ ಬಹುಪಾಲು 1945ರಲ್ಲೇ ನಾಶವಾದವು, ಇಂಥ ಕಥೆ ಉಳಿದುಕೊಳ್ಳೋಕೆ ಅದೂ ಒಂದು ಕಾರಣ.

ಬಹಳ ಜನ ಮರೆಯುವ ಮೂಲ ಯುದ್ಧಾಪರಾಧ ವಿಚಾರಣೆಗಳು. ಸೆರೆಸಿಕ್ಕ ಕಮಾಂಡೊಗಳನ್ನು ಕೊಲ್ಲಬೇಕೆಂಬ ಹಿಟ್ಲರನ 1942ರ ಅಕ್ಟೋಬರ್ 18ರ ಆದೇಶ ನ್ಯೂರೆಂಬರ್ಗ್‌ನಲ್ಲಿ 498-ಪಿಎಸ್ ಸಂಖ್ಯೆಯಡಿ ದಾಖಲಾಗಿದೆ. ಆ ಆದೇಶಕ್ಕೆ ಬಲಿಯಾದವರ ವಿಷಯಕ್ಕೆ ಕ್ಯೂನ ಡಬ್ಲ್ಯುಒ 235 ನೋಡಿ. ಅಲ್ಲಿ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಿದ್ದಾರೆ, ಆತ್ಮಕಥೆಯಲ್ಲಿ ಆ ಪರೀಕ್ಷೆ ಇರೋದಿಲ್ಲ.

ಮಸಿರೇಖೆ:
1945ರ ನಂತರದ ದಾಳಿ ಬರೆಯೋದಾದರೆ ತನಿಖಾ ವರದಿಯಿಂದ ಶುರು ಮಾಡಿ. ಇರಾನ್‌ನಲ್ಲಿ 1980ರಲ್ಲಿ ವಿಫಲವಾದ 'ಈಗಲ್ ಕ್ಲಾ' (ಒತ್ತೆಯಾಳುಗಳನ್ನು ಬಿಡಿಸಲು ಅಮೆರಿಕ ನಡೆಸಿದ ಕಾರ್ಯಾಚರಣೆ) ಬಗ್ಗೆ ಹಾಲೊವೇ ವರದಿ ಇದೆ: ಹೊರಟ ಹೆಲಿಕಾಪ್ಟರ್ 8, ಕನಿಷ್ಠ ಬೇಕಿದ್ದದ್ದು 6, ಕೊನೆಗೆ ಹಾರುವ ಸ್ಥಿತಿಯಲ್ಲಿ ಉಳಿದದ್ದು 5. ಅಮೆರಿಕದ ದಾಖಲೆಗಳಲ್ಲಿ ಮಸಿ ಬಳಿದ ಜಾಗದ ಪಕ್ಕದಲ್ಲಿರುವ ಸಂಕೇತ ಗಮನಿಸಿ. 'ಬಿ1' ಅಂದರೆ ರಾಷ್ಟ್ರೀಯ ಭದ್ರತೆ. ಒಂದೇ ಪತ್ರ ಬೇರೆಬೇರೆ ವರ್ಷ ಬಿಡುಗಡೆಯಾಗಿದ್ದರೆ ಎರಡನ್ನೂ ಅಕ್ಕಪಕ್ಕ ಇಡಿ. ಒಂದರಲ್ಲಿ ಮುಚ್ಚಿದ ಸಾಲು ಇನ್ನೊಂದರಲ್ಲಿ ತೆರೆದಿರಬಹುದು.

ಓದುಗ_1942:
ಎಲ್ಲರಿಗೂ ವಂದನೆ. ಎಸ್‌ಒಇ (ಯುದ್ಧಕಾಲದ ಬ್ರಿಟಿಷ್ ಗುಪ್ತ ಕಾರ್ಯಾಚರಣೆ ಸಂಸ್ಥೆ) ಏಜೆಂಟ್ ಒಬ್ಬರ ಹೆಸರು ಕ್ಯೂ ಪಟ್ಟಿಯಲ್ಲೇ ಇಲ್ಲ. ಕಡತ ಇಲ್ಲ ಅಂತಲೇ ಅರ್ಥವೇ?

ಕಡತಪ್ರಿಯ:
ಹಾಗೆ ತೀರ್ಮಾನಿಸಬೇಡಿ. ಎಚ್‌ಎಸ್ 9 ಸರಣಿಯಲ್ಲಿರುವ ಎಸ್‌ಒಇ ಸಿಬ್ಬಂದಿಯ ವೈಯಕ್ತಿಕ ಕಡತಗಳನ್ನು ಸಾವಿನ ಪುರಾವೆ ಇಲ್ಲದಿದ್ದರೆ ಹುಟ್ಟಿ 100 ವರ್ಷ ಆಗೋವರೆಗೆ ತೆರೆಯೋದಿಲ್ಲ. ಮಹಿಳೆಯಾಗಿದ್ದರೆ ತವರಿನ ಅಡ್ಡಹೆಸರು, ಗಂಡನ ಅಡ್ಡಹೆಸರು ಎರಡನ್ನೂ ಹಾಕಿ ನೋಡಿ. ಇನ್ನೊಂದು: 1946ರ ಬೆಂಕಿಯಲ್ಲಿ ಎಸ್‌ಒಇ ಕಡತಗಳು ಸುಟ್ಟವು, ಆಮೇಲೆ ಅಧಿಕಾರಿಗಳೇ ಎಷ್ಟನ್ನೋ ವಿಲೇವಾರಿ ಮಾಡಿದರು. ಅದಕ್ಕೇ ಏಜೆಂಟರನ್ನು ಇಳಿಸಿದ ಬ್ರಿಟಿಷ್ ವಾಯುಪಡೆಯ 138 ಮತ್ತು 161ನೇ ಸ್ಕ್ವಾಡ್ರನ್‌ಗಳ ದಿನವಹಿಯನ್ನು ಏಐಆರ್ 27 ಸರಣಿಯಲ್ಲಿ ತೆಗೆಯಿರಿ. ಏಜೆಂಟರ ಹೆಸರು ಇರದಿದ್ದರೂ ಹಾರಾಟದ ರಾತ್ರಿ ಸಿಗುತ್ತೆ, ಅದನ್ನು ಬೇರೆ ದಾಖಲೆಗಳ ಜತೆ ಹೊಂದಿಸಬಹುದು.