ಹಳೇ ಫ್ಲಾಟ್ ಕೊಳ್ಳೋ ಮುಂಚೆ ಇನ್‌ಸ್ಪೆಕ್ಷನ್ ಮಾಡ್ಸಿದೋರು ಹೇಳಿ, ಏನೇನು ನೋಡ್ತಾರೆ?

ಪ್ರಶ್ನೆ:
ಬೆಂಗಳೂರಿನ ಉತ್ತರಹಳ್ಳಿ ಕಡೆ ಒಂದು ಟೂ ಬಿಎಚ್‌ಕೆ ನೋಡಿದೀವಿ. ನಾಲ್ಕು ಮಹಡಿ ಕಟ್ಟಡದಲ್ಲಿ ಮೂರನೇದು, 12 ವರ್ಷ ಹಳೇದು. ಓನರ್ ಈಗ ತಾನೇ ಪೇಂಟ್ ಹೊಡೆಸಿದಾರೆ, ಫಳಫಳ ಅಂತಿದೆ. ಟೋಕನ್ ಇನ್ನೂ ಕೊಟ್ಟಿಲ್ಲ. ಆಫೀಸಲ್ಲಿ ಒಬ್ಬರು ದುಡ್ಡು ಕೊಟ್ಟು ಇನ್‌ಸ್ಪೆಕ್ಷನ್ ಮಾಡ್ಸಿ ಅಂತಾರೆ. ನಮ್ಮ ಮಾವ "ಅದೆಲ್ಲ ದಂಡ, ನಮ್ಮ ಮೇಸ್ತ್ರೀನ ಕರ್ಕೊಂಡು ಹೋಗಮ್ಮ" ಅಂತಾರೆ. ಬ್ಯಾಂಕಿನೋರು ಹೇಗೂ ವ್ಯಾಲ್ಯುಯೇಷನ್‌ಗೆ ಬರ್ತಾರಲ್ಲ, ಅಷ್ಟು ಸಾಲದಾ?

ರಾಜರಾಜೇಶ್ವರಿ ನಗರದಿಂದ:
ಬ್ಯಾಂಕಿನ ವ್ಯಾಲ್ಯುಯರ್ ಬರೋದು ನಿಮಗೋಸ್ಕರ ಅಲ್ಲ ಮೇಡಂ, ಬ್ಯಾಂಕಿಗೋಸ್ಕರ. ಕೊಡೋ ಸಾಲಕ್ಕೆ ಈ ಮನೆ ಬಾಳತ್ತಾ ಅಂತ ನೋಡ್ಕೊಂಡು ಹೋಗ್ತಾರೆ. ನಮಗೆ ಬಂದವರು ಶೂ ಕೂಡ ಬಿಚ್ಚಲಿಲ್ಲ. ನಾಲ್ಕು ಫೋಟೋ, ಹತ್ತು ನಿಮಿಷ, ನಮಸ್ಕಾರ.

ನಾವು ಹೋದ ವರ್ಷ ಹತ್ತು ವರ್ಷದ ಫ್ಲಾಟ್ ತಗೊಳೋವಾಗ ಮಾಡ್ಸಿದ್ವಿ. ಇಬ್ಬರು ಹುಡುಗರು ಬಂದು ಮೂರು ಗಂಟೆ ಇದ್ರು. ತೇವ ನೋಡೋ ಮೀಟರು, ಥರ್ಮಲ್ ಕ್ಯಾಮೆರಾ, ಲೇಸರ್ ಟೇಪು, ಜೊತೆಗೆ ತುದೀಲಿ ಸಣ್ಣ ಉಕ್ಕಿನ ಗುಂಡಿರೋ ಕೋಲು. ಆ ಕೋಲಲ್ಲಿ ಟೈಲ್ಸ್ ಒಂದೊಂದನ್ನೂ ತಟ್ಕೊಂಡು ಹೋಗ್ತಾರೆ. ಟಣ್ ಅಂದ್ರೆ ಸರಿ, ಡಬ್ ಅಂದ್ರೆ ಕೆಳಗೆ ಪೊಳ್ಳು. ಪೊಳ್ಳು ಸಿಕ್ಕ ಕಡೆ ಒಂದು ತುಂಡು ಟೇಪ್ ಅಂಟಿಸ್ತಾರೆ. ಹಾಲಲ್ಲೇ ಹನ್ನೊಂದು ಟೇಪ್ ಬಿತ್ತು, ಓನರ್ ಮುಖ ನೋಡ್ಬೇಕಿತ್ತು.

ಅಸಲಿ ಕತೆ ಅದಲ್ಲ. ಹಾಲಿನ ಗೋಡೇಲಿ ತಿರುಪತಿ ತಿಮ್ಮಪ್ಪನ ದೊಡ್ಡ ಫೋಟೋ ಇತ್ತು. ಮನೆ ನೋಡೋಕೆ ಬಂದಾಗ ನಮ್ಮತ್ತೆ ಅದಕ್ಕೆ ಕೈ ಮುಗಿದು "ಮನೇಲಿ ದೈವಕಳೆ ಇದೆ" ಅಂದಿದ್ರು. ಆ ಹುಡುಗ ಒಂದು ಕ್ಷಣ ನಿಂತು, "ದೇವ್ರನ್ನ ಯಾರಾದ್ರೂ ಸೊಂಟದ ಎತ್ತರಕ್ಕೆ ಹಾಕ್ತಾರಾ ಸರ್?" ಅಂತ ಮೆಲ್ಲಗೆ ಫೋಟೋ ಎತ್ತಿದ. ಹಿಂದೆ ಪೇಂಟ್ ಗುಳ್ಳೆ ಎದ್ದಿತ್ತು. ಬೆರಳಾಡಿಸಿದ್ರೆ ಉಪ್ಪು ರಂಗೋಲಿ ಪುಡಿ ಥರ ಉದುರ್ತು. ಗೋಡೆ ಆಚೆ ಕಡೆ ಕಾಮನ್ ಬಾತ್‌ರೂಂ. ಕ್ಯಾಮೆರಾದಲ್ಲಿ ಆ ಜಾಗ ಪೂರ್ತಿ ನೀಲಿ. ಒಂದು ತಿಳ್ಕೊಳಿ, ಕ್ಯಾಮೆರಾ ನೀರನ್ನ ತೋರ್ಸಲ್ಲ, ತಣ್ಣಗಿರೋ ಜಾಗ ತೋರ್ಸತ್ತೆ. ಮೀಟರ್ ಒತ್ತಿ ನೋಡಿದ ಮೇಲೇ ತೇವ ಅಂತ ಬರ್ಕೊಂಡ್ರು.

ಆಮೇಲೆ ನಹನಿ ಟ್ರ್ಯಾಪಿಗೆ (ನೆಲದ ನೀರು ಹೋಗೋ ತೂತು) ಬಟ್ಟೆ ತುರುಕಿ, ಬಾತ್‌ರೂಮಲ್ಲಿ ಇಂಚಿನಷ್ಟು ನೀರು ನಿಲ್ಲಿಸಿ, ಮಾರನೇ ದಿನ ಕೆಳಗಿನ ಮನೆ ಸೀಲಿಂಗ್ ನೋಡಿದ್ರು. ಇದಕ್ಕೆ 24 ಗಂಟೆ ಬೇಕಾದ್ರಿಂದ ಅವರಾಗಿ ಮಾಡಲ್ಲ, ನೀವೇ ಕೇಳಿ ಮಾಡಿಸ್ಬೇಕು. ಓನರೂ ಒಪ್ಪಬೇಕು, ಕೆಳಗಿನ ಮನೆಯವರೂ ಬಾಗಿಲು ತೆಗೀಬೇಕು.

ರಿಪೋರ್ಟ್ ನೋಡಿ ಗಾಬರಿ ಆಗ್ಬೇಡಿ. ನಮ್ದು ಅರವತ್ತು ಪುಟ ಇತ್ತು, ಅರ್ಧ "ಬಾಗಿಲಿಗೆ ಸ್ಟಾಪರ್ ಇಲ್ಲ" ಅನ್ನೋ ಥರದ್ದು. ಪಾಸು ಫೇಲು ಅಂತ ಬರೆಯಲ್ಲ. ನಾವು ಬಾತ್‌ರೂಂ ಒಡೆದು ವಾಟರ್‌ಪ್ರೂಫಿಂಗ್ ಮಾಡ್ಸೋದಕ್ಕೆ ಕೊಟೇಶನ್ ತಗೊಂಡು ಓನರ್ ಮುಂದೆ ಇಟ್ವಿ. ಅಷ್ಟೂ ಖರ್ಚು ಬೆಲೇಲಿ ಬಿಡಲಿಲ್ಲ, ಅದರಲ್ಲಿ ಅರ್ಧ ಬಿಟ್ರು. ಇನ್‌ಸ್ಪೆಕ್ಷನ್ ಫೀಸು ಅದರಲ್ಲೇ ಹುಟ್ಟಿ ಇನ್ನೂ ಮಿಕ್ತು.

ಪೀಣ್ಯದಿಂದ:
ನಾನು ನಿಮ್ಮ ಮಾವನ ಪಾರ್ಟಿ. 30×40 ಸೈಟಲ್ಲಿ ಹಳೇ ಮನೆ ತಗೊಂಡಾಗ ಬರೀ ಮೇಸ್ತ್ರೀನ ಕರ್ಕೊಂಡು ಹೋಗಿದ್ದೆ. ಆ ಪುಣ್ಯಾತ್ಮ ಮನೆ ಒಳಗೇ ಹೋಗಲಿಲ್ಲ, ಸೀದಾ ಟೆರೇಸಿಗೆ ಹತ್ತಿದ. ಒಂದು ಬಕೆಟ್ ನೀರು ಸುರಿದು ಬೀಡಿ ಹಚ್ಚಿ ನಿಂತ. ನೀರು ಮೂಲೆಗೆ ಹೋಗಿ ಅಲ್ಲೇ ಕೂತ್ಕೊಳ್ತು. "ಪೈಪಿನ ಬಾಯಿ ಎತ್ತರಕ್ಕಿದೆ ಸಾ, ನೀರಿಗೆ ಮೆಟ್ಲು ಹತ್ತೋಕ್ ಬರಲ್ಲ" ಅಂದ. ಆಮೇಲೆ ಸಜ್ಜಾ ಕೆಳಗೆ ಬಾಯ್ಬಿಟ್ಟಿದ್ದ ಕಂಬಿ ತೋರ್ಸಿದ, ಸಂಪಿನ ಮುಚ್ಚಳ ತೆಗೆಸಿ ಟಾರ್ಚ್ ಬಿಟ್ಟು ಬಿರುಕು ಹುಡುಕಿದ. ಅವನಿಗೆ ಕೊಟ್ಟಿದ್ದು ಒಂದು ದಿನದ ಕೂಲಿ, ಒಂದು ಬಿರಿಯಾನಿ. ಆದ್ರೆ ಸುಳ್ಳು ಹೇಳ್ಬಾರ್ದು, ವೈರಿಂಗ್ ಅವನಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ. ಗೃಹಪ್ರವೇಶ ಆದ ತಿಂಗಳಿಗೆ ಪೂರ್ತಿ ಬದಲಾಯಿಸ್ಬೇಕಾಯ್ತು.

ಬಸವೇಶ್ವರನಗರದಿಂದ, ಎಲೆಕ್ಟ್ರಿಕಲ್ ಕೆಲಸದವನು:
ಡಿಬಿ ಬಾಕ್ಸ್, ಅಂದ್ರೆ ಮನೆಗೆ ಕರೆಂಟ್ ಹಂಚೋ ಪೆಟ್ಟಿಗೆ, ತೆಗೀರಿ. ಕರೆಂಟ್ ಸೋರಿದ್ರೆ ಲೈನ್ ಕಟ್ ಮಾಡೋ ಆರ್‌ಸಿಸಿಬಿ ಅಂತ ಒಂದಿರತ್ತೆ, ಅದರ ಮೇಲೆ ಚಿಕ್ಕ ಟೆಸ್ಟ್ ಬಟನ್. ಒತ್ತಿದ ತಕ್ಷಣ ಟಪ್ ಅಂತ ಟ್ರಿಪ್ ಆಗ್ಬೇಕು. ಆಗದಿದ್ರೆ ಸತ್ತಿದೆ ಅಂತ ಅರ್ಥ. ಮೇಲೆ 30 ಮಿಲಿಆಂಪ್ ಅಂತ ಬರೆದಿದೆಯಾ ನೋಡ್ಕೊಳಿ, ಮನುಷ್ಯರನ್ನ ಶಾಕ್‌ನಿಂದ ಉಳಿಸೋಕೆ ಮನೆಗೆ ಹಾಕೋದು ಅದು. ಹಳೇ ಫ್ಲಾಟ್‌ಗಳಲ್ಲಿ ಎಷ್ಟೋ ಕಡೆ ಇರೋದೇ ಇಲ್ಲ. ಗೀಜರ್ ಪಾಯಿಂಟಿಗೆ ಅರ್ಥಿಂಗ್ ಬಂದಿದೆಯಾ ಅಂತ ಖಂಡಿತ ಚೆಕ್ ಮಾಡ್ಸಿ.

ವೈಟ್‌ಫೀಲ್ಡ್‌ನಿಂದ:
ನೀರಿನ ಬಗ್ಗೆ ಯಾರೂ ಮಾತೇ ಆಡ್ಲಿಲ್ವಲ್ಲ! ನಮ್ಮ ಇನ್‌ಸ್ಪೆಕ್ಷನ್‌ನೋರು ನಲ್ಲಿ ಪ್ರೆಶರ್ ನೋಡಿ "ಉತ್ತಮ" ಅಂತ ಬರೆದ್ರು. ಆ ನೀರು ಎಲ್ಲಿಂದ ಬರತ್ತೆ ಅಂತ ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಬರ್ತಿದ್ದಿದ್ದು ಬೋರ್‌ವೆಲ್ಲಿಂದ. ಟಿಡಿಎಸ್ (ನೀರಲ್ಲಿ ಕರಗಿರೋ ಲವಣ) 1,400. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳೋದು ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಇಲ್ಲ ಅಂದ್ರೆ 2,000ದವರೆಗೂ ಬಿಡ್ತಾರೆ. ಎರಡನೇ ವರ್ಷಕ್ಕೆ ಗೀಜರ್ ಕಾಯಿಲ್ ಹೋಯ್ತು, ಶವರ್ ತೂತೆಲ್ಲ ಸುಣ್ಣ ಕಟ್ಟಿ ಮುಚ್ಕೊಂಡ್ವು. (ಲಾಯರ್ "ಟಿಡಿಎಸ್ ಆಯ್ತಾ?" ಅಂತ ಕೇಳಿದಾಗ ನಾನು 1,400 ಅಂದೆ. ಅವರು ಕೇಳಿದ್ದು ಆ ಟಿಡಿಎಸ್ ಅಲ್ಲ, ಮನೆ ಬೆಲೆ 50 ಲಕ್ಷ ಅಥವಾ ಮೇಲಿದ್ರೆ ಓನರ್‌ಗೆ ಕೊಡೋ ದುಡ್ಡಲ್ಲಿ ನಾವು ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದ 1% ತೆರಿಗೆ.)

ಕಾವೇರಿ ನೀರಿನ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ, ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿ ಕಡೆ ಮಾರೋರೆಲ್ಲ "ಕಾವೇರಿ ಬಂದಿದೆ" ಅಂತಾರೆ. ರಸ್ತೇಲಿ ಪೈಪ್ ಬಂದಿದೆಯೋ, ನಿಮ್ಮ ಕಟ್ಟಡಕ್ಕೆ ಕನೆಕ್ಷನ್ ಬಂದಿದೆಯೋ? ಜಲಮಂಡಳಿ ಬಿಲ್ ತೋರ್ಸಿ ಅನ್ನಿ. ಹಾಗೇ ಅಸೋಸಿಯೇಷನ್‌ನೋರ ಹತ್ರ ಮಾರ್ಚ್, ಏಪ್ರಿಲ್ ತಿಂಗಳ ಟ್ಯಾಂಕರ್ ಲೆಕ್ಕ ಕೇಳಿ. ಅವರು ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ವಾಚ್‌ಮನ್‌ನ ಕೇಳಿ, ಅವನಿಗೆ ಎಲ್ಲ ಬಾಯಿಪಾಠ.

ಮಲ್ಲೇಶ್ವರದಿಂದ, ಸಿವಿಲ್ ಎಂಜಿನಿಯರ್:
ಬಿರುಕು ಕಂಡ ತಕ್ಷಣ ಓಡಿ ಹೋಗಬೇಡಿ. ಬ್ಲಾಕ್ ಗೋಡೆ ಕಾಂಕ್ರೀಟ್ ಕಂಬಕ್ಕೆ ಸೇರುವ ಕಡೆ ನೆಟ್ಟಗೆ ಕೂದಲೆಳೆಯಂಥ ಬಿರುಕು ಬರುವುದು ಮಾಮೂಲು. ಎರಡೂ ಬಿಸಿಲಿಗೆ ಒಂದೇ ಥರ ಹಿಗ್ಗುವುದಿಲ್ಲ, ಪ್ಲಾಸ್ಟರ್ ಒಳಗೆ ಜಾಲರಿ (ಮೆಶ್) ಹಾಕದಿದ್ದರೆ ಬಾಯಿ ಬಿಡುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಹೊರಟು ಹೋಗ್ತಾ ಹೋಗ್ತಾ ಅಗಲವಾಗುವ ಬಿರುಕು ಬೇರೆ. ಅಲ್ಲಿ ತಳಪಾಯ ಒಂದು ಕಡೆ ಕುಸಿಯುತ್ತಿದೆಯೇ ಎಂದು ಅನುಮಾನಿಸಬೇಕು. ಕಂಬ ಅಥವಾ ತೊಲೆಯ ಉದ್ದಕ್ಕೆ, ಒಳಗಿನ ಕಂಬಿ ಓಡಿದ ದಾರಿಯಲ್ಲೇ ಬಿರುಕು ಬಿಟ್ಟು ಕೆಂಪು ಕಲೆ ಇದ್ದರೆ ಕಂಬಿ ತುಕ್ಕು ಹಿಡಿದು ಉಬ್ಬುತ್ತಿದೆ. ಆಗ ಮೇಸ್ತ್ರಿಯೂ ಸಾಲದು, ಕ್ಯಾಮೆರಾ ಹುಡುಗರೂ ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ಬೇಕು.

ಮನೆ ಹೊಸ ಪೇಂಟ್ ಕಂಡಿದೆ ಅಂದಿರಲ್ಲ, ಪಾರ್ಕಿಂಗ್‌ಗೆ ಇಳಿದು ಕಂಬಗಳ ಬುಡ ನೋಡಿ. ಒಂದು ಫ್ಲಾಟ್ ಮಾರುವವರು ಅಲ್ಲಿಗೆ ಪೇಂಟ್ ಹೊಡೆಸುವುದಿಲ್ಲ.

ಇನ್‌ಸ್ಪೆಕ್ಷನ್‌ನವರು ಸಾಮಾನ್ಯವಾಗಿ ಕಾಗದ ಪತ್ರ ನೋಡುವುದಿಲ್ಲ, ಅದು ವಕೀಲರ ಕೆಲಸ. ಇ-ಖಾತಾ (ಆಸ್ತಿಯ ಆನ್‌ಲೈನ್ ದಾಖಲೆ), ಇಸಿ (ಋಣಭಾರ ಪತ್ರ) ಎಲ್ಲರೂ ಕೇಳುತ್ತಾರೆ. ನೀವು ಮಂಜೂರಾದ ನಕ್ಷೆಯನ್ನೂ ಓಸಿಯನ್ನೂ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಅನುಮತಿ ಪತ್ರ) ಕೇಳಿ, ನಾಲ್ಕು ಮಹಡಿಗೂ ಅನುಮತಿ ಇದೆಯೇ ಎಂದು ಎಣಿಸಿ ನೋಡಿ. ಹೊಸ ಫ್ಲಾಟ್ ಆಗಿದ್ದರೆ ರೇರಾ (ರಿಯಲ್ ಎಸ್ಟೇಟ್) ಕಾಯ್ದೆ ಪ್ರಕಾರ ಸ್ವಾಧೀನ ಕೊಟ್ಟು ಐದು ವರ್ಷದೊಳಗೆ ಕಾಣಿಸಿದ ಕಟ್ಟಡದ ದೋಷವನ್ನು ಬಿಲ್ಡರೇ ನಿಮ್ಮಿಂದ ದುಡ್ಡು ತೆಗೆದುಕೊಳ್ಳದೆ ಸರಿಮಾಡಿ ಕೊಡಬೇಕು. ನಿಮ್ಮದು 12 ವರ್ಷದ್ದು, ಆ ಬಾಗಿಲು ಇಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ರಾತ್ರಿ ಜೋರು ಮಳೆ ಬಂತಲ್ಲ, ಭಾನುವಾರ ಬೆಳಗ್ಗೇನೇ ಹೋದ್ವಿ. ಮಾವ ಮೇಸ್ತ್ರೀನೂ ಕರ್ಕೊಂಡು ಬಂದಿದ್ರು. ಎರಡು ರೂಪಾಯಿ ನಾಣ್ಯದಲ್ಲಿ ಟೈಲ್ಸ್ ತಟ್ಟಿ ನೋಡಿದೆ, ಅಡುಗೆಮನೇಲಿ ನಾಲ್ಕು ಡಬ್ ಅಂದ್ವು. ಪಾರ್ಕಿಂಗ್ ಕಂಬಗಳು ಚೆನ್ನಾಗೇ ಇವೆ. ಮಕ್ಕಳ ರೂಮಿನ ಒಂದು ಗೋಡೆಗೆ ಮಾತ್ರ ವಾಲ್‌ಪೇಪರ್ ಹಚ್ಚಿದಾರೆ, ಬೇರೆಲ್ಲೂ ಇಲ್ಲ. ತಿಮ್ಮಪ್ಪನ ಫೋಟೋ ನೆನಪಾಯ್ತು. ಇನ್‌ಸ್ಪೆಕ್ಷನ್ ಮಾಡಿಸ್ತೀವಿ ಅಂದಿದ್ದಕ್ಕೆ ಓನರ್ "ಬೇರೆ ಪಾರ್ಟಿ ಕಾಯ್ತಾ ಇದಾರಮ್ಮ" ಅಂದ್ರು. ಕಾಯ್ಲಿ ಬಿಡಿ ಅಂತ ಮಾವನೇ ಹೇಳಿದ್ರು. ಇನ್‌ಸ್ಪೆಕ್ಷನ್‌ನೋರಿಗೆ ಬುಧವಾರ ಹತ್ತು ಗಂಟೆಗೆ ಬರೋಕೆ ಹೇಳಿದೀನಿ. ಕೆಳಗಿನ ಮನೆಯವರು ಊರಿಗೆ ಹೋಗಿದಾರಂತೆ, ಬಾತ್‌ರೂಮಲ್ಲಿ ನೀರು ನಿಲ್ಲಿಸೋದು ಅವರು ಬಂದ ಮೇಲೆ. ಅಲ್ಲಿವರೆಗೆ ಟೋಕನ್ ಇಲ್ಲ.