ನೋಂದಣಿ ವಿಳಾಸದಿಂದ ಮನೆವಾರು ಲೆಕ್ಕ: ಒಂದೇ ಕುಟುಂಬದಲ್ಲಿ 214 ಜನ ಬರುತ್ತಿದ್ದಾರೆ, ಎಲ್ಲಿ ತಪ್ಪಿದೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಎಸ್ಟೋನಿಯಾದ ತಾರ್ತುವಿನಲ್ಲಿ ಸ್ಟಾಟಿಸ್ಟಿಕ್ಸ್ ಓದುತ್ತಿದ್ದೇನೆ. ಈ ದೇಶ ಕಳೆದ ಜನಗಣತಿಯ ಮೂಲ ಲೆಕ್ಕವನ್ನು ಸರ್ಕಾರಿ ದಾಖಲೆಗಳಿಂದಲೇ ತೆಗೆಯಿತು. 2021ರ ಡಿಸೆಂಬರ್ 31ರಂದು ಯಾರು ಎಲ್ಲಿ ನೋಂದಣಿ ಆಗಿದ್ದರು ಅನ್ನೋದು ಅದಕ್ಕೆ ಒಂದು ಮುಖ್ಯ ಆಧಾರ. ಅದನ್ನು ಕಲಿಯಲು ನಮಗೆ 5,000 ಸಾಲಿನ ಅಭ್ಯಾಸದ ಫೈಲ್ ಕೊಟ್ಟಿದ್ದಾರೆ, ಹೆಸರು ವಿಳಾಸ ಎಲ್ಲ ಕಲ್ಪಿತ. ಒಂದೇ ವಿಳಾಸದವರನ್ನು ಗುಂಪು ಮಾಡಿ ಒಂದು ಕುಟುಂಬ ಅಂತ ಎಣಿಸಿದೆ. ಒಂದರಲ್ಲಿ 214 ಜನ, ಇನ್ನೊಂದರಲ್ಲಿ 97! ಜೊತೆಗೆ, ಮಕ್ಕಳನ್ನಿಟ್ಟುಕೊಂಡು ಒಬ್ಬರೇ ಇರುವ ತಾಯಂದಿರ ಸಂಖ್ಯೆ ತೀರಾ ಜಾಸ್ತಿ ಬರುತ್ತಿದೆ. ಎರಡು ರಾತ್ರಿ ಕೂತರೂ ಬಗೆಹರಿಯಲಿಲ್ಲ.

ಸಾಲುಮರ:
ಆ ಎರಡು ಗುಂಪಿನ ನಾಲ್ಕೈದು ಸಾಲು ಇಲ್ಲಿ ಹಾಕಿ. ವಿಳಾಸ ಮೂಲದಲ್ಲಿ ಹೇಗಿತ್ತೋ ಹಾಗೇ ಇರಲಿ, ತಿದ್ದಿದ್ದು ಬೇಡ.

ತುಂಗಾತೀರ:
97ರ ಗುಂಪು: ಕಾಸೆ 24-3, ಕಾಸೆ 24-15, ಕಾಸೆ 24-15, ಕಾಸೆ 24-31.
214ರ ಗುಂಪು: ಎಲ್ಲದರಲ್ಲೂ ಬರೀ "ತಾರ್ತು ನಗರ".
ವಿಳಾಸ ಶುಚಿ ಮಾಡುವಾಗ ಅಡ್ಡಗೆರೆಯ ನಂತರದ್ದನ್ನು ಕತ್ತರಿಸಿದ್ದೆ. ಅದು ಬೇಡದ್ದು ಅಂದುಕೊಂಡಿದ್ದೆ.

ಸಾಲುಮರ:
ಅಲ್ಲೇ ಇದೆ ನೋಡಿ. ಅಡ್ಡಗೆರೆಯ ನಂತರದ್ದು ಫ್ಲಾಟ್ ನಂಬರ್. ಅದನ್ನು ಕತ್ತರಿಸಿದ್ದರಿಂದ ಇಡೀ ಕಟ್ಟಡ ಒಂದೇ ಕುಟುಂಬ ಆಯಿತು. ಮೂಲ ಕಾಲಂ ಹಾಗೇ ಇಟ್ಟು, ಕಟ್ಟಡ ಒಂದು ಕಾಲಂ, ಫ್ಲಾಟ್ ಇನ್ನೊಂದು ಕಾಲಂ ಮಾಡಿ. ಎರಡೂ ಸೇರಿಸಿ ಗುಂಪು ಮಾಡಿ.

ಈ ಸಣ್ಣ ನಂಬರ್ ಇಲ್ಲದೆ ದಾಖಲೆಗಳಿಂದ ಮನೆವಾರು ಲೆಕ್ಕ ತೆಗೆಯಲು ಆಗುವುದೇ ಇಲ್ಲ. ನಾರ್ವೆಯವರು 2011ರ ಗಣತಿಯನ್ನು ಪೂರ್ತಿ ದಾಖಲೆಗಳಿಂದಲೇ ಮಾಡಿದರು. ಅಲ್ಲಿ ಫ್ಲಾಟುಗಳಿಗೆ ಎಚ್0203 ಥರದ ನಂಬರ್ ಇರುತ್ತೆ. ಎಚ್ ಅಂದರೆ ಮುಖ್ಯ ಮಹಡಿಗಳು, 02 ಅಂದರೆ ಎರಡನೇ ಮಹಡಿ, 03 ಅಂದರೆ ಎಡದಿಂದ ಮೂರನೇ ಮನೆ. ಜನರ ದಾಖಲೆಗೆ ಈ ನಂಬರ್ ಅಂಟಿಸಿದ ಮೇಲೇ ಯಾರು ಯಾವ ಬಾಗಿಲ ಹಿಂದೆ ಇದ್ದಾರೆ ಅಂತ ಗೊತ್ತಾಗುವುದು.

"ತಾರ್ತು ನಗರ" ಬೇರೆ ಸಂಗತಿ. ಖಚಿತ ವಿಳಾಸ ಇಲ್ಲದವರನ್ನು ಎಸ್ಟೋನಿಯಾದಲ್ಲಿ ನಗರದ ಮಟ್ಟಕ್ಕೇ ನೋಂದಾಯಿಸಬಹುದು. ಅವರು ಒಂದು ಕುಟುಂಬ ಅಲ್ಲ. ಹಾಗಂತ ತಲಾ ಒಂದೊಂದು ಕುಟುಂಬ ಅಂತಲೂ ಸುಮ್ನೆ ಹಾಕಬೇಡಿ, ಒಂಟಿ ಮನೆಗಳ ಸಂಖ್ಯೆ ಏರಿಬಿಡುತ್ತೆ. ಬೇರೆಯಾಗಿ ತೆಗೆದಿಡಿ.

ತುಂಗಾತೀರ:
ಮಾಡಿದೆ, 97ರ ಗುಂಪು 41 ಮನೆಗಳಾಗಿ ಒಡೆಯಿತು! ಆದರೆ ಒಂಟಿ ತಾಯಂದಿರ ಸಂಖ್ಯೆ ಇನ್ನೂ ಇಳಿದಿಲ್ಲ.

ಸಾಲುಮರ:
ಅದು ಕೋಡ್ ತಪ್ಪಲ್ಲ. ಇಲ್ಲಿ ವಿಳಾಸವೇ ನಿಜ ಹೇಳುತ್ತಿಲ್ಲ.

ಉದಾಹರಣೆಗೆ ಎಸ್ಟೋನಿಯಾದ ರಾಜಧಾನಿ ತಲ್ಲಿನ್ ನಗರ. ಅಲ್ಲಿ ನೋಂದಣಿ ಇರುವವರಿಗೆ 2013ರಿಂದ ನಗರದ ಬಸ್ಸು, ಟ್ರಾಮ್ ಉಚಿತ. ಪಕ್ಕದ ಊರಿಗೆ ಮನೆ ಬದಲಾಯಿಸಿದರೂ ಅಪ್ಪ ಹಳೇ ವಿಳಾಸ ಬಿಡುವುದಿಲ್ಲ. ಮಗುವಿಗೆ ಶಿಶುವಿಹಾರದಲ್ಲಿ ಸೀಟು ಬೇಕು, ಅದಕ್ಕೆ ಅಮ್ಮ, ಮಗು ಹೊಸ ಊರಿನಲ್ಲಿ ಬರೆಸುತ್ತಾರೆ. ರಾತ್ರಿ ಒಟ್ಟಿಗೆ ಊಟಕ್ಕೆ ಕೂರುವ ಮೂವರು ದಾಖಲೆಯಲ್ಲಿ ಎರಡು ಕುಟುಂಬ. ಮದುವೆ ದಾಖಲೆಯಿಂದ ಜೋಡಿಸೋಣ ಅಂದರೆ, ಎಸ್ಟೋನಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹುಟ್ಟುವುದು ಮದುವೆಯಾಗದ ಅಪ್ಪ ಅಮ್ಮನಿಗೆ.

ಇದಕ್ಕೆಂದೇ ಅಲ್ಲಿನ ಸಂಖ್ಯಾಶಾಸ್ತ್ರಜ್ಞೆ ಎನೆ-ಮಾರ್ಗಿತ್ ತೀಟ್ ಮತ್ತು ಜೊತೆಯವರು ಜೋಡಿ ಸೂಚ್ಯಂಕ ಅನ್ನೋದನ್ನು ರೂಪಿಸಿದರು. ಇಬ್ಬರಿಗೂ ಸೇರಿದ ಮಗು, ಸೇರಿ ತೆಗೆದುಕೊಂಡ ಮನೆ ಸಾಲ, ಇಂಥ ಗುರುತುಗಳನ್ನು ಕೂಡಿಸಿ ಇವರು ಜೋಡಿಯಾಗಿ ಇದ್ದಾರಾ ಅಂತ ಅಂದಾಜು ಮಾಡುವುದು. ನಿಮ್ಮ ಫೈಲಿನಲ್ಲಿ ತಂದೆಯ ಗುರುತಿನ ನಂಬರ್ ಇದ್ದರೆ ಅಲ್ಲಿಂದ ಶುರು ಮಾಡಿ.

ಒಂದು ಎಚ್ಚರಿಕೆ ಮಾತ್ರ. ಮಗು ಇದೆ ಅಂದಾಕ್ಷಣ ಜೋಡಿಸಬೇಡಿ, ದೂರ ಆದವರೂ ಇರುತ್ತಾರೆ. ಇಬ್ಬರಲ್ಲಿ ಯಾರದ್ದಾದರೂ ವಿಳಾಸದಲ್ಲಿ ಹೊಸ ಸಂಗಾತಿ ಕಂಡರೆ ಆ ಸಾಲು ಮುಟ್ಟಬೇಡಿ. ಮಗು ಒಂದೇ ಗುರುತಾದರೆ ಅನುಮಾನದ ಪಟ್ಟಿಗೆ ಹಾಕಿ.

ಅಡಿಕೆಮೇಷ್ಟ್ರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಸರ ಬೇಡ. ನಾನು ನಿವೃತ್ತ ಶಿಕ್ಷಕ, 2011ರ ಫೆಬ್ರವರಿಯಲ್ಲಿ ಮಲೆನಾಡಿನಲ್ಲಿ ಗಣತಿ ಮಾಡಿದವನು. ಒಂದು ಮನೆಗೆ ಹೋಗಿದ್ದೆ. ಒಂದೇ ಹೆಬ್ಬಾಗಿಲು, ಒಂದೇ ಮನೆ ನಂಬರ್. ಹಿರಿಸೊಸೆ ಒಳಗೆ ದೋಸೆ ಹೊಯ್ಯುತ್ತಿದ್ದರು. ಕಿರಿಯವರು ಹಿತ್ತಲ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದರು. ನಮ್ಮ ಗಣತಿಯಲ್ಲಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಅದಕ್ಕೇ ಎರಡು ಫಾರಂ ತುಂಬಿದೆ. ನಿಮ್ಮ ಲೆಕ್ಕದಲ್ಲಿ ಆ ಮನೆ ಏನಾಗುತ್ತೆ?

ಸಾಲುಮರ:
ಒಂದೇ ಕುಟುಂಬ ಆಗುತ್ತೆ ಮೇಷ್ಟ್ರೇ. ದಾಖಲೆಗೆ ಬಾಗಿಲು ಕಾಣುತ್ತೆ, ಒಲೆ ಕಾಣಲ್ಲ. ಅದಕ್ಕೇ ಇಂಥ ಗಣತಿಗಳಲ್ಲಿ ಸಾಮಾನ್ಯವಾಗಿ ಒಂದು ಮನೆಯಲ್ಲಿ ವಾಸ ಇರುವವರೆಲ್ಲ ಒಂದು ಕುಟುಂಬ ಅನ್ನೋ ವ್ಯಾಖ್ಯೆ ಇಟ್ಟುಕೊಳ್ಳುತ್ತಾರೆ. ಬಾಡಿಗೆ ಹಂಚಿಕೊಂಡು ಬೇರೆ ಬೇರೆ ಬೇಯಿಸಿಕೊಳ್ಳುವ ಮೂವರು ವಿದ್ಯಾರ್ಥಿಗಳೂ ಒಂದೇ. ತುಂಗಾತೀರ ಅವರೇ, ವರದಿಯ ಮೊದಲ ಪುಟದಲ್ಲೇ ಯಾವ ವ್ಯಾಖ್ಯೆ ಅಂತ ಬರೆಯಿರಿ. ಒಲೆ ನೋಡಿ ಎಣಿಸಿದ ಗಣತಿಯ ಪಕ್ಕ ಈ ಅಂಕಿ ಇಟ್ಟರೆ, ಜನ ಏನೂ ಬದಲಾಗದೆ ಕುಟುಂಬಗಳು ಮಾತ್ರ ಕಮ್ಮಿಯಾದ ಹಾಗೆ ಕಾಣುತ್ತೆ.

ತುಂಗಾತೀರ:
ಮೇಷ್ಟ್ರೇ, ನಿಮ್ಮ ಪ್ರಶ್ನೆಯಿಂದ ತುಂಬಾ ಉಪಕಾರ ಆಯಿತು. ವ್ಯಾಖ್ಯೆ ಮೊದಲ ಪುಟಕ್ಕೆ ಹೋಯಿತು.

ಈಗಿನ ಸ್ಥಿತಿ: ಹೊಸದಾಗಿ ಒಂದು 61 ಜನರ ಗುಂಪು ಸಿಕ್ಕಿತು, ಫ್ಲಾಟ್ ನಂಬರ್ ಇಲ್ಲ. ಕಟ್ಟಡದ ಬಳಕೆ ನೋಡಿದರೆ ವೃದ್ಧಾಶ್ರಮ, ಅದನ್ನು ಸಂಸ್ಥೆಗಳ ಪಟ್ಟಿಗೆ ಸೇರಿಸಿದೆ. ಇನ್ನು ಅತಿ ದೊಡ್ಡ ಕುಟುಂಬ 9 ಜನರದ್ದು. ಮಗುವಿನ ಜೊತೆ ಇನ್ನೊಂದು ಗುರುತೂ ಸಿಕ್ಕ 38 ಜೋಡಿಗಳನ್ನು ಸೇರಿಸಿದೆ, 11 ಅನುಮಾನದ ಪಟ್ಟಿಯಲ್ಲಿವೆ. ಆ 38ರಲ್ಲಿ ಇಬ್ಬರನ್ನೂ ಯಾವ ವಿಳಾಸಕ್ಕೆ ಹಾಕಲಿ?

ಸಾಲುಮರ:
ಮಗು ಇರುವ ವಿಳಾಸಕ್ಕೆ. ಅಪ್ಪ ಬಿಟ್ಟುಬಂದ ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಅದನ್ನು ಖಾಲಿ ಮನೆ ಅಂತ ಗುರುತು ಮಾಡಲು ಮರೆಯಬೇಡಿ, ಇಲ್ಲದಿದ್ದರೆ ವಾಸದ ಮನೆಗಳಿಗೂ ಕುಟುಂಬಗಳಿಗೂ ತಾಳೆ ಬರಲ್ಲ.