ಲಂಡನ್‌ನಲ್ಲಿ ಒಂದು ಶನಿವಾರ: ಹನ್ನೊಂದು ಜಾಗವೋ, ಒಂದೇ ನದಿದಂಡೆಯೋ?

ಚಿಕ್ಕಪ್ಪ: (ಫಾರ್ವರ್ಡ್) ಒಂದೇ ದಿನದಲ್ಲಿ ಲಂಡನ್, ಜೋಡಿಗಳಿಗೆ 11 ಜಾಗ! 9ಕ್ಕೆ ಟವರ್ ಆಫ್ ಲಂಡನ್ ಕೋಟೆ. 10ಕ್ಕೆ ಸೇಂಟ್ ಪಾಲ್ಸ್ ಚರ್ಚ್. 11ಕ್ಕೆ ಅರಮನೆ ಕಾವಲುಗಾರರ ಬದಲಾವಣೆ. 12ಕ್ಕೆ ಬ್ರಿಟಿಷ್ ಮ್ಯೂಸಿಯಂ…

ಚಿಕ್ಕಪ್ಪ: ನಿಮ್ಮಿಬ್ಬರಿಗೇ ಕಳಿಸಿದ್ದು. ಇದರ ಪ್ರಕಾರ ಹೋಗಿ.

ನಾನು: ಚಿಕ್ಕಪ್ಪಾ, ದಯವಿಟ್ಟು ಇದು ಬೇಡ. ಟವರ್ ಒಂದಕ್ಕೇ ಅರ್ಧ ದಿನ ಬೇಕು. ಕಾವಲುಗಾರರ ಬದಲಾವಣೆ ಸಾಮಾನ್ಯವಾಗಿ ಸೋಮ, ಬುಧ, ಶುಕ್ರ, ಭಾನುವಾರ ಮಾತ್ರ. ಅಕ್ಕ, ಭಾವ ಹೋಗುವುದು ಶನಿವಾರ!

ಚಿಕ್ಕಪ್ಪ: ಅದೊಂದು ಬಿಡು. ಉಳಿದ 10 ಇದೆಯಲ್ಲ. ಅಷ್ಟು ಖರ್ಚು ಮಾಡಿ ಹೋಗುತ್ತಾರೆ, ಮತ್ತೆ ಯಾವಾಗ ಹೋಗುವುದೋ ಏನೋ. ಹೆಸರಾದ ಜಾಗ ನೋಡದೆ ಬಂದರೆ ಆಮೇಲೆ ಕೊರಗು ಉಳಿಯುತ್ತೆ.

ಅತ್ತೆ: ಅದೂ ನಿಜವೇ ಅಲ್ವಾ.

ಅಕ್ಕ: ನನಗೆ ಓಡುವುದಕ್ಕೆ ಇಷ್ಟವಿಲ್ಲ ಚಿಕ್ಕಪ್ಪ. ಅಲ್ಲಿ ವಾರವಿಡೀ ಇವರಿಗೆ ಆಫೀಸ್ ಕೆಲಸ. ಇಬ್ಬರಿಗೂ ಸಿಗುವುದು ಆ ಒಂದು ದಿನ.

ನಾನು: ಅದಕ್ಕೇ ಹೇಳುತ್ತಿರುವುದು. ಥೇಮ್ಸ್ ನದಿಯ ದಕ್ಷಿಣ ದಂಡೆ ಹಿಡಿದು ಸುಮ್ನೆ ನಡೆಯಿರಿ. ಲ್ಯಾಂಬೆತ್ ಸೇತುವೆ ಹತ್ತಿರ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಅನಾವರಣವಾದದ್ದು. ಅಲ್ಲಿಂದ ಶುರು ಮಾಡಿ. ಸ್ವಲ್ಪ ಮುಂದೆ ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ ಕೆಂಪು ಹೃದಯಗಳನ್ನು ಬರೆದ ಉದ್ದ ಗೋಡೆ. ಎದುರು ದಡದಲ್ಲಿ ಪಾರ್ಲಿಮೆಂಟ್. ನನಗೆ ಲಂಡನ್ನಿನಲ್ಲಿ ತುಂಬಾ ಹಿಡಿಸಿದ ದಾರಿ ಅದೇ. ಮುಂದೆ ವಾಟರ್‌ಲೂ ಸೇತುವೆ ಕೆಳಗೆ ಹಳೆ ಪುಸ್ತಕಗಳ ಸಾಲು. ಭಾವ ಅಲ್ಲಿಂದ ಬೇಗ ಏಳುವುದಿಲ್ಲ, ಏಳಿಸಲೂಬೇಡ ಅಕ್ಕ. ಆಮೇಲೆ ಟೇಟ್ ಮಾಡರ್ನ್. ಹಳೆಯ ವಿದ್ಯುತ್ ಸ್ಥಾವರವನ್ನು 2000ದಲ್ಲಿ ಚಿತ್ರಶಾಲೆ ಮಾಡಿದ್ದು, ಪ್ರವೇಶ ಉಚಿತ. ಟವರ್ ಬ್ರಿಡ್ಜ್‌ವರೆಗೆ ಎಲ್ಲ ಸೇರಿ ಸುಮಾರು 5 ಕಿಲೋಮೀಟರ್.

ಅತ್ತೆ: 5 ಕಿಲೋಮೀಟರಾ? ಅವಳ ಮಂಡಿ?

ನಾನು: ಒಂದೇ ಉಸಿರಿಗೆ ನಡೆಯಬೇಕಿಲ್ಲ ಅತ್ತೆ. ದಾರಿಯುದ್ದಕ್ಕೂ ಬೆಂಚುಗಳಿವೆ, ದೋಣಿಯೂ ಇದೆ. ಜೂನ್ ಕೊನೆಯಲ್ಲಿ ರಾತ್ರಿ 9 ದಾಟಿದರೂ ಬೆಳಕು. ಆ 11 ಜಾಗದ ಲಿಸ್ಟಿನಲ್ಲಿ ನಡಿಗೆ ಜಾಸ್ತಿ, ಅದೂ ಸುರಂಗ ರೈಲಿನ ಮೆಟ್ಟಿಲು ಹತ್ತಿ ಇಳಿದು.

ಭಾವ: ಚಿಕ್ಕಪ್ಪ ಹೇಳಿದ್ದರಲ್ಲಿ ನನಗೆ ಬ್ರಿಟಿಷ್ ಮ್ಯೂಸಿಯಂ ಮಾತ್ರ ಬಿಡಲು ಮನಸ್ಸಿಲ್ಲ.

ನಾನು: ಶುಕ್ರವಾರ ಅದು ರಾತ್ರಿ 8.30ರವರೆಗೆ ತೆರೆದಿರುತ್ತೆ ಭಾವ. ಆಫೀಸ್ ಮುಗಿಸಿ ಹೋಗಿ. ಎಲ್ಲ ಕೋಣೆಗಳೂ ಅಷ್ಟು ಹೊತ್ತು ತೆರೆದಿರುವುದಿಲ್ಲ, ಬೇಕಾದ್ದನ್ನು ಮೊದಲು ನೋಡಿ.

ಭಾವ: ಆಯ್ತು, ಹಾಗೇ ಮಾಡೋಣ.

ಚಿಕ್ಕಪ್ಪ: ಸೇಂಟ್ ಪಾಲ್ಸ್ ಕೂಡ ಬಿಟ್ಟುಬಿಟ್ಟಿರಾ?

ನಾನು: ಇಲ್ಲ ಚಿಕ್ಕಪ್ಪ. ಟೇಟ್ ಎದುರಿನ ಮಿಲೆನಿಯಂ ಸೇತುವೆ ದಾಟಿದರೆ ಅದೇ. ತೆರೆದಾಗ ಜನರ ಹೆಜ್ಜೆಗೆ ತೂಗಾಡಿ, ಮುಚ್ಚಿ, 2002ರಲ್ಲಿ ಮತ್ತೆ ತೆರೆದ ಸೇತುವೆ. ಸಂಜೆಯ ಹಾಡಿನ ಪ್ರಾರ್ಥನೆಗೆ ಹೋದರೆ ಟಿಕೆಟ್ ಇಲ್ಲ. ಇಬ್ಬರೂ ಒಳಗೆ ಕೂತು ಕೇಳಬಹುದು. ಆ ದಿನದ ಸಮಯ ಮೊದಲೇ ನೋಡಿಕೊಳ್ಳಿ.

ಚಿಕ್ಕಪ್ಪ: ಅದು ಒಳ್ಳೆಯದಾಯಿತು. ಆದರೂ ಟವರ್ ನೋಡದೆ ಬರುವುದನ್ನು ನಾನು ಒಪ್ಪುವುದಿಲ್ಲ.

ಅಕ್ಕ: ಆಚೆ ದಡದಿಂದ ನೋಡಿ ಫೋಟೋ ಕಳಿಸುತ್ತೇನೆ ಚಿಕ್ಕಪ್ಪ. ಬಸ್ಸಿಗೆ ಇಬ್ಬರಿಗೂ ಒಂದೇ ಬ್ಯಾಂಕ್ ಕಾರ್ಡ್ ಸಾಕಾ?

ನಾನು: ಸಾಲದು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು. ಬಸ್ಸಿನ ಯಂತ್ರಕ್ಕೆ ಒಮ್ಮೆ ತಾಗಿಸಿದರೆ ಒಂದು ಗಂಟೆಯೊಳಗೆ ಬೇರೆ ಬಸ್ ಹತ್ತಿದರೂ ಮತ್ತೆ ದುಡ್ಡು ಹಿಡಿಯುವುದಿಲ್ಲ. ಹತ್ತುವಾಗೆಲ್ಲ ಅದೇ ಕಾರ್ಡ್ ತಾಗಿಸಿ.

ಅಕ್ಕ: ಸರಿ, ನನ್ನದೂ ತೆಗೆದಿಡುತ್ತೇನೆ.